ಮುದಿ ಲ್ಯಾಬ್ರಡಾರ್‌ನ ಬೊಗಳು ಗೊಗ್ಗರಾದರೆ

ಪ್ರಶ್ನೆ: ನಮ್ಮ ಮನೆಯ ಲ್ಯಾಬ್ರಡಾರ್ ಗಂಡುನಾಯಿಗೆ ಈಗ 11 ವರ್ಷ. ನಾಲ್ಕೈದು ತಿಂಗಳಿಂದ ಅದರ ಬೊಗಳು ಗಂಟಲು ಕಟ್ಟಿದಂತೆ ಗೊಗ್ಗರಾಗಿದೆ. ನೀರು ಕುಡಿದರೆ ನೆತ್ತಿಗೆ ಹತ್ತಿದಂತೆ ಕೆಮ್ಮುತ್ತದೆ, ಸ್ವಲ್ಪ ನಡೆದರೂ ಗರಗರ ಸದ್ದು ಮಾಡುತ್ತ ಏದುಸಿರು ಬಿಡುತ್ತದೆ. ಮೆಟ್ಟಿಲು ಹತ್ತುವಾಗ ಹಿಂಗಾಲು ಜಾರುತ್ತವೆ. ಅದು ವಯಸ್ಸಿನ ಸಂಧಿವಾತ ಇರಬೇಕು. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿರಬಹುದೇ? ಜೇನುತುಪ್ಪ, ಅರಿಶಿನ ಕೊಟ್ಟರೆ ಸರಿಹೋಗುವುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೂಳೆ ಸಿಕ್ಕಿಕೊಂಡಿದ್ದರೆ ತೊಂದರೆ ಇದ್ದಕ್ಕಿದ್ದಂತೆ ಶುರುವಾಗುತ್ತಿತ್ತು, ನಾಯಿ ಓಕರಿಸುತ್ತ, ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿತ್ತು. ತಿಂಗಳುಗಟ್ಟಲೆ ನಿಧಾನವಾಗಿ ಬೆಳೆದಿರುವ ನಿಮ್ಮ ನಾಯಿಯ ಲಕ್ಷಣಗಳು, ನೀವು ಬೇರೆಯದೆಂದು ಬದಿಗಿಟ್ಟ ಹಿಂಗಾಲಿನ ದೌರ್ಬಲ್ಯವೂ ಸೇರಿ, ಧ್ವನಿಪೆಟ್ಟಿಗೆಯ ಪಾರ್ಶ್ವವಾಯುವಿನ ಕಡೆಗೆ ಬೆರಳು ತೋರುತ್ತವೆ. ಇದು ಗಂಟಲ ಒಳಪದರದ ಉರಿಯೂತವಲ್ಲ, ನರದ ಕಾಯಿಲೆ. ಹಾಗಾಗಿ ಜೇನುತುಪ್ಪದಿಂದಲೂ ಅರಿಶಿನದಿಂದಲೂ ಇದು ಗುಣವಾಗುವುದಿಲ್ಲ.

ನಾಯಿ ನಿಂತಿರುವಾಗ ಮೂಗಿನಿಂದ ಬರುವ ಗಾಳಿ ಕೆಳಗಿರುವ ಶ್ವಾಸನಾಳಕ್ಕೆ ಇಳಿಯಬೇಕು, ಬಾಯಿಂದ ಬರುವ ಆಹಾರ ಅದರ ಮೇಲಿರುವ ಅನ್ನನಾಳಕ್ಕೆ ಏರಬೇಕು. ಈ ಎರಡು ದಾರಿಗಳು ಗಂಟಲಲ್ಲಿ ಒಂದನ್ನೊಂದು ಅಡ್ಡಹಾಯುವ ಜಾಗದಲ್ಲೇ ಧ್ವನಿಪೆಟ್ಟಿಗೆ ಇದೆ. ದವಡೆಯ ಅಡಿಯಿಂದ ಕುತ್ತಿಗೆಯ ನಡುಗೆರೆಯಲ್ಲಿ ಬೆರಳನ್ನು ಮೆಲ್ಲನೆ ಹಿಂದಕ್ಕೆ ಸರಿಸಿದರೆ ಗಟ್ಟಿ ಉಬ್ಬೊಂದು ಸಿಗುತ್ತದೆ. ನಾಯಿ ಎಂಜಲು ನುಂಗಿದಾಗ ಅದು ಮುಂದಕ್ಕೆ ಜಾರಿ ಮತ್ತೆ ಸ್ವಸ್ಥಾನಕ್ಕೆ ಮರಳುವುದು ಕೈಗೆ ತಿಳಿಯುತ್ತದೆ. ತಲೆಬುರುಡೆಯ ತಳದಿಂದ ಪುಟ್ಟ ಮೂಳೆಗಳ ಸರಣಿಯೊಂದು ಅದನ್ನು ತೂಗುಹಾಕಿರುವುದರಿಂದಲೇ ಈ ಚಲನೆ ಸಾಧ್ಯ. ಒಳಗೆ ಮುಂಭಾಗದಲ್ಲಿ ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ, ಬದಿಗಳಲ್ಲಿ ಥೈರಾಯ್ಡ್ ಮೃದ್ವಸ್ಥಿ, ಹಿಂದೆ ಪೂರ್ಣ ಉಂಗುರವಾಗಿರುವ ಕ್ರಿಕಾಯ್ಡ್ ಇವೆ. ಆ ಉಂಗುರದ ಮೇಲಂಚಿನಲ್ಲಿ ಅರಿಟಿನಾಯ್ಡ್ ಎಂಬ ಎರಡು ಸಣ್ಣ ಮೃದ್ವಸ್ಥಿಗಳು ಕೂತಿವೆ. ಧ್ವನಿತಂತುಗಳು ಅವುಗಳಿಂದ ಹೊರಟು ಥೈರಾಯ್ಡ್‌ನ ತಳಕ್ಕೆ ಅಂಟಿಕೊಳ್ಳುತ್ತವೆ.

ಬೊಗಳುವುದು ಈ ಅಂಗದ ಎರಡನೆಯ ಕೆಲಸ. ಮೊದಲನೆಯದು, ನುಂಗುವಾಗ ಬಿಗಿಯಾಗಿ ಮುಚ್ಚಿಕೊಂಡು, ಉಸಿರೆಳೆಯುವಾಗ ಅಗಲವಾಗಿ ತೆರೆದುಕೊಂಡು ಶ್ವಾಸಕೋಶವನ್ನು ಕಾಯುವುದು. ಅರಿಟಿನಾಯ್ಡ್‌ಗಳು ಎರಡು ಕದಗಳಂತೆ ಹೊರಕ್ಕೆ ಸರಿದಾಗ ದಾರಿ ತೆರೆಯುತ್ತದೆ. ಮುಚ್ಚುವುದಕ್ಕೆ ಹಲವು ಸ್ನಾಯುಗಳಿವೆ, ತೆರೆಯುವುದಕ್ಕೆ ಇರುವುದು ಒಂದೇ ಜೋಡಿ. ಆ ಜೋಡಿಗೆ ಆಜ್ಞೆ ತರುವ ನರದ ದಾರಿಯೋ ಬಲು ಸುತ್ತಿನದು: ಮಿದುಳಿನಿಂದ ಹೊರಡುವ ವೇಗಸ್ ನರದೊಂದಿಗೆ ಎದೆಗೂಡಿಗೆ ಇಳಿದು, ಎಡಗಡೆಯದು ಮಹಾಪಧಮನಿಯನ್ನೂ ಬಲಗಡೆಯದು ಮುಂಗಾಲಿಗೆ ಹೋಗುವ ಅಪಧಮನಿಯನ್ನೂ ಬಳಸಿ, ಮತ್ತೆ ಕುತ್ತಿಗೆಯುದ್ದಕ್ಕೂ ಮೇಲೇರಿ ಧ್ವನಿಪೆಟ್ಟಿಗೆಯನ್ನು ಮುಟ್ಟುತ್ತದೆ. ಈ ನರವನ್ನು ಕತ್ತರಿಸಿದರೆ ಹಂದಿಯ ಕೂಗು ನಿಂತುಹೋಗುವುದನ್ನು 2ನೇ ಶತಮಾನದಲ್ಲೇ ರೋಮ್‌ನ ವೈದ್ಯ ಗ್ಯಾಲೆನ್ ತೋರಿಸಿಕೊಟ್ಟಿದ್ದ.

ದೊಡ್ಡ ತಳಿಯ ಮುದಿ ನಾಯಿಗಳಲ್ಲಿ, ಅದರಲ್ಲೂ ಲ್ಯಾಬ್ರಡಾರ್‌ಗಳಲ್ಲಿ, ಉದ್ದವಾದ ನರತಂತುಗಳು ಮೊದಲು ಸವೆಯತೊಡಗುತ್ತವೆ. ಧ್ವನಿಪೆಟ್ಟಿಗೆಯ ನರವೂ ಹಿಂಗಾಲಿನ ನರಗಳೂ ಈ ಗುಂಪಿಗೇ ಸೇರಿದವು. ಆದ್ದರಿಂದ ಹಿಂಗಾಲು ಜಾರುವುದನ್ನು ಸಂಧಿವಾತವೆಂದು ತೀರ್ಮಾನಿಸದೆ ವೈದ್ಯರಿಗೆ ಒಟ್ಟಿಗೇ ತಿಳಿಸಿ; ಉಗುರುಗಳ ಮುಂಭಾಗ ನೆಲಕ್ಕೆ ಉಜ್ಜಿ ಸವೆದಿದೆಯೇ ಎಂದೂ ನೋಡಿ.

ತೆರೆಯುವ ಸ್ನಾಯು ಸೋತಾಗ ಎರಡೂ ಅರಿಟಿನಾಯ್ಡ್‌ಗಳು ನಡುವಿನಲ್ಲೇ ಜೋಲುತ್ತವೆ, ಜೋರಾಗಿ ಉಸಿರೆಳೆದಷ್ಟೂ ಒಳಕ್ಕೆ ಸೆಳೆಯಲ್ಪಡುತ್ತವೆ. ನೀವು ಕೇಳುತ್ತಿರುವ ಗರಗರ ಸದ್ದು ಅದೇ. ನಾಯಿ ಮೈಬಿಸಿಯನ್ನು ಕಳೆದುಕೊಳ್ಳುವುದು ಬಹುಮಟ್ಟಿಗೆ ಏದುಸಿರಿನಿಂದಲೇ ಆದ್ದರಿಂದ ಬೇಸಿಗೆಯಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು: ಏದುಸಿರು ಬಿಟ್ಟಷ್ಟೂ ಅಲ್ಲಿನ ಪದರ ಊದಿಕೊಂಡು ದಾರಿ ಇನ್ನಷ್ಟು ಕಿರಿದಾಗುತ್ತದೆ, ಮೈಬಿಸಿ ಏರುತ್ತದೆ. ನಾಲಿಗೆ, ಒಸಡು ನೀಲಿಗಟ್ಟಿದರೆ ಮೈಗೆ ತಣ್ಣೀರು ಸುರಿದು, ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನಿಮಗಲ್ಲದಿದ್ದರೂ ಇತರ ಓದುಗರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಧ್ವನಿ ಕೆಲವೇ ದಿನಗಳಲ್ಲಿ ಬದಲಾಗಿ, ಕೆಳದವಡೆ ಜೋತುಬಿದ್ದು, ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ ಅದು ರೇಬೀಸ್ ಇರಬಹುದು. ಮೂಳೆ ಸಿಕ್ಕಿದೆಯೆಂದು ಭಾವಿಸಿ ಅಂಥ ನಾಯಿಯ ಬಾಯಿಗೆ ಯಾರೂ ಕೈ ಹಾಕಬಾರದು. ಜೊಲ್ಲು ಗಾಯಕ್ಕೆ ತಗುಲಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ನಿಮ್ಮ ನಾಯಿಯನ್ನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗಾಗಲಿ, ಅರಿವಳಿಕೆಯ ಸೌಲಭ್ಯವಿರುವ ಬೇರೆ ಆಸ್ಪತ್ರೆಗಾಗಲಿ ಕರೆದೊಯ್ಯಿರಿ. ಹಗುರವಾದ ಅರಿವಳಿಕೆ ಕೊಟ್ಟು, ಪ್ರತಿ ಉಸಿರಿನೊಂದಿಗೆ ಅರಿಟಿನಾಯ್ಡ್‌ಗಳು ಸರಿಯುತ್ತವೆಯೇ ಎಂದು ಕಣ್ಣಾರೆ ನೋಡುವುದೇ ಮುಖ್ಯ ಪರೀಕ್ಷೆ. ಅರಿವಳಿಕೆ ಹೆಚ್ಚಾದರೆ ಆರೋಗ್ಯವಂತ ನಾಯಿಯಲ್ಲೂ ಈ ಚಲನೆ ನಿಲ್ಲುತ್ತದೆ, ಆದ್ದರಿಂದ ಪಳಗಿದ ಕೈ ಬೇಕು. ನ್ಯುಮೋನಿಯ ಇದೆಯೇ ಎಂದು ತಿಳಿಯಲು ಎದೆಯ ಎಕ್ಸ್‌ರೇಯನ್ನೂ, ಥೈರಾಯ್ಡ್ ಗ್ರಂಥಿ ಸರಿಯಾಗಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆಯನ್ನೂ ಮಾಡಿಸಿ. ಕೊರಳಪಟ್ಟಿಯನ್ನು ಇಂದೇ ತೆಗೆದು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ, ನಡಿಗೆಯನ್ನು ನಸುಕಿಗೆ ಸೀಮಿತಗೊಳಿಸಿ, ತೂಕ ಹೆಚ್ಚಿದ್ದರೆ ಇಳಿಸಿ.

ಉಸಿರಾಟ ತೀರಾ ಕಷ್ಟವಾದರೆ ಶಸ್ತ್ರಚಿಕಿತ್ಸೆಯೇ ದಾರಿ: ಒಂದು ಬದಿಯ ಅರಿಟಿನಾಯ್ಡನ್ನು ದಾರದಿಂದ ಹೊರಕ್ಕೆಳೆದು ಕಟ್ಟುತ್ತಾರೆ. ಎರಡನ್ನೂ ಕಟ್ಟಿದರೆ ಅನ್ನ, ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯ ವಿಪರೀತವಾಗುತ್ತದೆ. ಒಂದನ್ನು ಕಟ್ಟಿದರೂ ಆ ಭಯ ಜೀವನಪರ್ಯಂತ ಇದ್ದೇ ಇರುತ್ತದೆ. ಉಸಿರು ಸರಾಗವಾಗುತ್ತದೆ, ಹಳೆಯ ಬೊಗಳು ಮಾತ್ರ ಮರಳುವುದಿಲ್ಲ. ಆಮೇಲೆ ಕೆರೆ-ಹೊಳೆಯಲ್ಲಿ ಈಜಲು ಬಿಡಬಾರದು. ತೆಳ್ಳನೆಯ ಗಂಜಿ ಬಿಟ್ಟು, ಅನ್ನವನ್ನು ಮುದ್ದೆಯಾಗಿ ಕಲಸಿ, ಸಣ್ಣ ಸಣ್ಣ ಉಂಡೆ ಮಾಡಿ ನಿಧಾನವಾಗಿ ತಿನ್ನಿಸಬೇಕು.