ಆಸ್ಪತ್ರೆಗೆ ಏನಾದರೂ ಕೊಡಬೇಕು, ಏನು ಕೊಡಲಿ?

ಈ ಸಲ ಬಂದ ಪತ್ರಗಳಲ್ಲಿ ಆಸ್ಪತ್ರೆಗೆ ದಾನ ಕೊಡುವ ವಿಚಾರವೇ ಜಾಸ್ತಿ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಡಾಕ್ಟರೇ, ಬೈಕಿಂದ ಬಿದ್ದು ನನ್ನ ತಮ್ಮನ ತೊಡೆ ಮೂಳೆ ಮುರಿದಿತ್ತು. ಜಿಲ್ಲಾಸ್ಪತ್ರೆಯಲ್ಲಿ ರಾಡ್ ಹಾಕಿದರು, ಈಗ ಆರಾಮಾಗಿ ಓಡಾಡುತ್ತಿದ್ದಾನೆ. ತೀರಿಹೋದ ನಮ್ಮ ಅಪ್ಪನ ಹೆಸರಲ್ಲಿ ಅದೇ ಆಸ್ಪತ್ರೆಗೆ ಎರಡು ಲಕ್ಷದೊಳಗೆ ಒಂದು ದೊಡ್ಡ ಮಷೀನ್ ಕೊಡಿಸೋಣ ಅಂತಿದ್ದೇವೆ. ಯಾವುದು ಒಳ್ಳೆಯದು?
– ಒಬ್ಬ ಓದುಗರು, ತಿಪಟೂರು

ಉತ್ತರ: ಒಳ್ಳೇ ಯೋಚನೆ. ಆದರೆ ದೊಡ್ಡ ಮಷೀನೇ ಆಗಬೇಕು ಅನ್ನೋದನ್ನು ಬಿಡಿ. ತಮ್ಮನಿಗೆ ರಾಡ್ ಹಾಕುವಾಗ ಆಪರೇಷನ್ ಥಿಯೇಟರಿನಲ್ಲಿ ಸಿ-ಆರ್ಮ್ ಅನ್ನೋ ಎಕ್ಸ್‌ರೇ ಮಷೀನ್ ಬಳಸಿರುತ್ತಾರೆ. ಮೂಳೆ ಕೂಡಿತಾ, ಸ್ಕ್ರೂ ಸರಿಯಾದ ತೂತಿಗೇ ಹೋಯ್ತಾ ಅಂತ ಸರ್ಜನ್ ಆಗಲೇ ಪರದೆಯ ಮೇಲೆ ನೋಡಬಹುದು, ಅದಿರೋದರಿಂದಲೇ ಸಣ್ಣ ಗಾಯದಲ್ಲಿ ಕೆಲಸ ಮುಗಿಯುತ್ತೆ, ರೋಗಿ ಬೇಗ ಎದ್ದು ಕೂರುತ್ತಾನೆ. ಅದು ಎರಡು ಲಕ್ಷಕ್ಕೆ ಬರೋದಲ್ಲ. ಬಂದರೂ ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಒಳಗಿರುವ ಸಿಬ್ಬಂದಿಗೆ ಸೀಸದ ಏಪ್ರನ್ ಬೇಕು, ನಡೆಸೋಕೆ ಟೆಕ್ನಿಷಿಯನ್ ಬೇಕು.

ನಿಮ್ಮ ದುಡ್ಡಿಗೆ ಜಾಸ್ತಿ ಕೆಲಸ ಇರೋದು ಆಪರೇಷನ್ ಆದ ಮೇಲೆ, ವಾರ್ಡಿನಲ್ಲಿ. ಬೆನ್ನುಹುರಿಗೆ ಪೆಟ್ಟಾದವರನ್ನೇ ತಗೊಳ್ಳಿ. ಅವರಲ್ಲಿ ಹಲವರಿಗೆ ಪೆಟ್ಟಾದ ಜಾಗದಿಂದ ಕೆಳಗೆ ಸ್ಪರ್ಶ ಇರೋದಿಲ್ಲ. ನಾವಾದರೆ ಒಂದೇ ಮಗ್ಗುಲಲ್ಲಿ ಮಲಗಿದ್ದು ನೋವಾದರೆ ನಿದ್ದೆಯಲ್ಲೇ ಹೊರಳುತ್ತೇವೆ, ಅವರಿಗೆ ನೋವೇ ಗೊತ್ತಾಗದು. ಬೆನ್ನಿನ ಕೆಳಭಾಗ, ಹಿಮ್ಮಡಿ, ಹೀಗೆ ಮೂಳೆ ಒತ್ತುವ ಕಡೆ ರಕ್ತ ಓಡದೆ ಚರ್ಮ ಮೊದಲು ಕೆಂಪಾಗಿ, ಆಮೇಲೆ ಕಪ್ಪಾಗಿ, ಹುಣ್ಣಾಗಿ ಮೂಳೆವರೆಗೂ ಇಳಿಯುತ್ತೆ. ಒಂದು ಸಲ ಹುಣ್ಣಾಯ್ತು ಅಂದರೆ ಫಿಸಿಯೋಥೆರಪಿ ಹಿಂದೆ ಬಿತ್ತು, ವೀಲ್‌ಚೇರಲ್ಲಿ ಕೂರೋದು ತಡ ಆಯ್ತು, ತಿಂಗಳುಗಟ್ಟಲೆ ಡ್ರೆಸ್ಸಿಂಗು. ಸೋಂಕು ರಕ್ತಕ್ಕೇರಿ ಜೀವ ಹೋದವರೂ ಇದ್ದಾರೆ.

ಇದನ್ನು ತಡೆಯೋಕೆ ಇರುವ ಏರ್ ಬೆಡ್ಡಿಗೆ ಕೆಲವು ಸಾವಿರ ರೂಪಾಯಿ ಅಷ್ಟೆ. ಮಂಚದ ಕಾಲ ಕಡೆ ಒಂದು ಸಣ್ಣ ಪಂಪು ನೇತುಹಾಕಿರುತ್ತಾರೆ. ಅದು ಗುಂಯ್ ಅನ್ನುತ್ತಾ ಹಾಸಿಗೆಯ ಗಾಳಿಚೀಲಗಳಲ್ಲಿ ಅರ್ಧವನ್ನು ಉಬ್ಬಿಸುತ್ತೆ, ಇನ್ನರ್ಧವನ್ನು ಇಳಿಸುತ್ತೆ, ಸ್ವಲ್ಪ ಹೊತ್ತಿಗೆ ಅದಲು ಬದಲು. ಒತ್ತಡ ಒಂದೇ ಜಾಗಕ್ಕೆ ಬೀಳಲ್ಲ. ಹಾಗಂತ ಮಗ್ಗುಲು ಬದಲಿಸೋದು ಬಿಡುವಂತಿಲ್ಲ, ಎರಡು ಗಂಟೆಗೊಮ್ಮೆ ತಿರುಗಿಸಲೇಬೇಕು. ಇನ್ನೊಂದು ವಿಷಯ: ಕರೆಂಟ್ ಹೋದರೆ ಪಂಪು ನಿಲ್ಲುತ್ತೆ. ಹಾಗಾಗಿ ವಾರ್ಡಿನ ಪ್ಲಗ್ಗುಗಳಿಗೆ ಜನರೇಟರ್ ಲೈನ್ ಇದೆಯಾ ಅಂತ ಮೊದಲೇ ಕೇಳಿ.

ಅದೇ ಎರಡು ಲಕ್ಷದಲ್ಲಿ ಏರ್ ಬೆಡ್‌ಗಳ ಜೊತೆಗೆ ವಾಕರ್, ವೀಲ್‌ಚೇರ್, ನಡಿಗೆ ಕಲಿಸುವ ಪ್ಯಾರಲಲ್ ಬಾರ್ ಎಲ್ಲ ಬರುತ್ತೆ. ಹೊರಡುವ ಮುಂಚೆ ಸರ್ಜನ್ ಒಬ್ಬರನ್ನೇ ಕೇಳಬೇಡಿ. ವಾರ್ಡಿನ ಸಿಸ್ಟರನ್ನೂ ಫಿಸಿಯೋಥೆರಪಿಸ್ಟನ್ನೂ ಕೇಳಿ. ಏನು ಕೆಟ್ಟು ಮೂಲೆ ಸೇರಿದೆ, ಯಾವುದಕ್ಕೆ ರೋಗಿಗಳು ಸಾಲು ನಿಲ್ಲುತ್ತಾರೆ ಅನ್ನೋದು ಅವರಿಗೆ ಬಾಯಿಪಾಠ. ಮಂಚದ ಮೇಲೆ ಅಪ್ಪನ ಹೆಸರು ಬರೆಸಿ, ಅದರಲ್ಲಿ ತಪ್ಪೇನಿಲ್ಲ.

ಪ್ರಶ್ನೆ: ಅಪಘಾತ ಆದವರ ಜೀವ ಉಳಿದ ಮೇಲೆ ಹೆಂಗೂ ನಿಧಾನವಾಗಿ ಸರಿಹೋಗುತ್ತಾರೆ ಅಲ್ವಾ? ಫಿಸಿಯೋ ಮಷೀನುಗಳೆಲ್ಲ ಸುಮ್ನೆ ಬಿಲ್ ಏರಿಸೋಕೆ ಅನಿಸುತ್ತೆ.
– ಒಬ್ಬ ಓದುಗರು, ಬಳ್ಳಾರಿ

ಉತ್ತರ: ಬಿಲ್ ಏರಿಸುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ವಾರಗಟ್ಟಲೆ ಮಲಗಿದವರನ್ನು ಒಮ್ಮೆಲೇ ಎಬ್ಬಿಸಿ ನಿಲ್ಲಿಸಿ ನೋಡಿ, ರಕ್ತ ಕಾಲಿಗಿಳಿದು ಬಿಪಿ ಬಿದ್ದು ಕಣ್ಣು ಕತ್ತಲೆ ಬರುತ್ತೆ. ಅದಕ್ಕೇ ಟಿಲ್ಟ್ ಟೇಬಲ್ ಇರೋದು. ರೋಗಿಯನ್ನು ಅದರ ಮೇಲೆ ಮಲಗಿಸಿ ಮಂಡಿ, ಸೊಂಟ, ಎದೆಗೆ ಬೆಲ್ಟ್ ಕಟ್ಟಿ, ಬಿಪಿ ನೋಡುತ್ತಾ ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತಾರೆ. ಇವತ್ತು 30 ಡಿಗ್ರಿ ತಡೆದುಕೊಂಡರೆ ಇನ್ನೊಂದು ದಿನ 40. ಬೆವರಿ ಮುಖ ಬಿಳಿಚಿತು ಅಂದರೆ ತಕ್ಷಣ ಕೆಳಗಿಳಿಸುತ್ತಾರೆ. ತಲೆಗೆ ಪೆಟ್ಟಾಗಿ ಪೂರ್ತಿ ಎಚ್ಚರ ಇಲ್ಲದವರನ್ನೂ ಹೀಗೆ ನಿಲ್ಲಿಸಬಹುದು. ಇಲ್ಲದಿದ್ದರೆ ನಾಲ್ಕು ಜನ ಹಿಡಿದುಕೊಳ್ಳಬೇಕು, ಸರ್ಕಾರಿ ವಾರ್ಡಿನಲ್ಲಿ ಅಷ್ಟು ಜನ ಎಲ್ಲಿ ಸಿಗ್ತಾರೆ ಹೇಳಿ! ಜೀವ ಉಳಿಸಿದ ಮೇಲೆ ನಿಲ್ಲಿಸದೇ ಬಿಟ್ಟು ಕಾಲು ಬಿಗಿದುಕೊಂಡು ಹಿಮ್ಮಡಿ ನೆಲಕ್ಕೇ ತಾಗದ ಹಾಗಾದರೆ, ಆ ಮನುಷ್ಯ ಮತ್ತೆ ಹೊಲಕ್ಕೆ ಹೋಗೋದು ಕಷ್ಟ.

ಪ್ರಶ್ನೆ: ನಾವು ಅಮೆರಿಕದಲ್ಲಿರುವ ಕೆಲವು ಕನ್ನಡಿಗರು. ಇಲ್ಲಿ ಆಸ್ಪತ್ರೆಗಳು ಬದಲಾಯಿಸುವ ಹಳೇ ವೆಂಟಿಲೇಟರು, ಮಾನಿಟರುಗಳನ್ನು ಊರಿನ ಆಸ್ಪತ್ರೆಗೆ ಕಳಿಸಬಹುದಾ?

ಉತ್ತರ: ದಯವಿಟ್ಟು ಬೇಡ. ಬಳಸಿದ ಕ್ರಿಟಿಕಲ್ ಕೇರ್ ಉಪಕರಣ ತರಿಸುವುದಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲೇ ನಿಷೇಧ ಇದೆ, ಬಂದರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಅಲ್ಲಿಯ ಕರೆಂಟು 110–120 ವೋಲ್ಟ್, ಇಲ್ಲಿಯದು 230, ಅದು ಬೇರೆ ತಲೆನೋವು. ಬಿಡಿಭಾಗ ಎಲ್ಲಿಂದ ತರೋದು? ಬಡ ದೇಶಗಳ ಆಸ್ಪತ್ರೆಗಳಲ್ಲಿರುವ ಒಂದು ಲಕ್ಷಕ್ಕೂ ಹೆಚ್ಚು ಉಪಕರಣಗಳ ಲೆಕ್ಕ ಹಾಕಿದ 2011ರ ಒಂದು ಅಧ್ಯಯನದಲ್ಲಿ ಶೇ. 38ರಷ್ಟು ಕೆಲಸಕ್ಕೇ ಬರುತ್ತಿರಲಿಲ್ಲ. ದುಡ್ಡು ಕಳಿಸಿ, ಇಲ್ಲೇ ಸರ್ವಿಸ್ ಸಿಗುವ ಕಂಪನಿಯದ್ದನ್ನು ಕೊಳ್ಳಲಿ. ಕಳಿಸುವಾಗ ಮೂರ್ನಾಲ್ಕು ವರ್ಷದ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದ ದುಡ್ಡನ್ನೂ ಸೇರಿಸಿ. ಅದಕ್ಕೆ ಯಾರೂ ರಿಬ್ಬನ್ ಕತ್ತರಿಸಲ್ಲ ನೋಡಿ, ಹಾಗಾಗಿ ಅದನ್ನು ಕೊಡುವವರು ಕಮ್ಮಿ. ವಿದೇಶದ ಹಣ ತಗೊಳ್ಳೋಕೆ ಇಲ್ಲಿಯ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇದೆಯಾ ಅಂತಲೂ ನೋಡಿಕೊಳ್ಳಿ.

ಪ್ರಶ್ನೆ: ಅಪಘಾತದಲ್ಲಿ ಕಾಲು ಕಳಕೊಂಡ ನಮ್ಮೂರ ಹುಡುಗನಿಗೆ ಜೈಪುರ ಕಾಲು ಕೊಡಿಸಬೇಕು. ಒಂದೇ ಸಲ ಕೊಟ್ಟರೆ ಸಾಕಾ?
– ಒಬ್ಬ ಓದುಗರು, ಶಿರಸಿ

ಉತ್ತರ: ಸಾಲಲ್ಲ. ಜೈಪುರದ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿ 1975ರಿಂದ ಪುಕ್ಕಟೆಯಾಗಿ ಕಾಲು ಜೋಡಿಸುತ್ತಿದೆ. ನಮ್ಮ ಕಡೆಯೂ ದಾನಿಗಳ ನೆರವಿನಿಂದ ಕ್ಯಾಂಪ್ ನಡೆಯುತ್ತವೆ. ಗಾಯ ಪೂರ್ತಿ ಒಣಗಿ ಊತ ಇಳಿದ ಮೇಲೆ ಅಳತೆ ಕೊಡಲಿ. ಹುಡುಗ ಬೆಳೆಯೋ ವಯಸ್ಸಿನವನಾದರೆ ಅಳತೆ ಬದಲಾಗುತ್ತೆ, ಕೃತಕ ಕಾಲು ಸವೆಯುತ್ತೆ ಕೂಡ. ಓಡಾಟದ ಬಸ್ ಚಾರ್ಜಿಗೂ ಸ್ವಲ್ಪ ಎತ್ತಿಡಿ.

ಪ್ರಶ್ನೆ: ಉಪಕರಣ ಕೊಟ್ಟರೆ ಇನ್‌ಕಮ್ ಟ್ಯಾಕ್ಸ್ ರಿಯಾಯಿತಿ ಸಿಗುತ್ತಾ?
– ಒಬ್ಬ ಓದುಗರು, ಮೈಸೂರು

ಉತ್ತರ: ವಸ್ತು ಕೊಟ್ಟರೆ ಇಲ್ಲ, ಹಣ ಕೊಟ್ಟರೆ ಮಾತ್ರ. ಅದೂ ಟ್ರಸ್ಟಿಗೆ ದಾನದ ಮೇಲೆ ತೆರಿಗೆ ರಿಯಾಯಿತಿ ಕೊಡಿಸುವ ಮಾನ್ಯತೆ (80ಜಿ) ಇರಬೇಕು, ನೀವು ಹಳೇ ತೆರಿಗೆ ಪದ್ಧತಿಯಲ್ಲಿರಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಲೆಕ್ಕಕ್ಕಿಲ್ಲ, ಚೆಕ್ಕೋ ಆನ್‌ಲೈನೋ ಮಾಡಿ. ಸರ್ಕಾರಿ ಆಸ್ಪತ್ರೆಯಾದರೆ ಅಲ್ಲಿಯ ಆರೋಗ್ಯ ರಕ್ಷಾ ಸಮಿತಿ ಮೂಲಕ ಕೊಡಿ. ರಸೀದಿ ತಗೊಳ್ಳಿ, ಕೊಟ್ಟದ್ದು ಸ್ಟಾಕ್ ರಿಜಿಸ್ಟರಿಗೆ ಏರಿದೆಯಾ ಅಂತ ನೋಡಿ. ರಿಜಿಸ್ಟರಿನಲ್ಲಿ ಇಲ್ಲದ ಮಷೀನ್ ಕೆಟ್ಟರೆ ರಿಪೇರಿಗೆ ಬಿಲ್ ಪಾಸಾಗೋದು ಕಷ್ಟ.