ಕಂಪನಿ ಡಾಕ್ಟರು ಗ್ರೇಡ್ 11 ಬರೆದಿದ್ದಾರೆ, ಮುಂದೇನು?

ತಂಗಿ, ಇಲೋಯಿಲೋಗೆ ಬಂದ ಹೊಸದರಲ್ಲೇ ಇಂಥ ಕಷ್ಟ ಎದುರಾಯಿತಲ್ಲ ಎಂದು ಬೇಸರವಾಯಿತು. ಯಜಮಾನರು ಇಂಜಿನ್ ರೂಮಿನಲ್ಲಿ ಭಾರ ಎತ್ತುವಾಗ ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಹಡಗು ಇಳಿದಿದ್ದಾರೆ. 112ನೇ ದಿನ ಕಂಪನಿ ಡಾಕ್ಟರು ಅಂಗವೈಕಲ್ಯ ಗ್ರೇಡ್ 11 ಎಂದು ಬರೆದಿದ್ದಾರೆ. ಹಡಗಿಗೆ ಕಳಿಸಿದ ಏಜೆನ್ಸಿಯವರು ಸಹಿ ಹಾಕಿ ದುಡ್ಡು ತಗೊಳ್ಳಿ ಅನ್ನುತ್ತಿದ್ದಾರೆ, ಫಿಲಿಪ್ಪೀನ್ಸ್‌ನಲ್ಲಿ ಹೀಗೇನಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಸಹಿ ಬೇಡ. ಆ ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂಬ ಮಾತು ಸಾಮಾನ್ಯವಾಗಿ ಇರುತ್ತದೆ. ಸಹಿ ಬಿದ್ದ ಮೇಲೆ ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಮೊದಲು ಲೆಕ್ಕ ನೋಡಿ. ನಾವಿಕರಿಗಾಗಿ ಇಲ್ಲಿನ ಸರ್ಕಾರ ಮಾಡಿದ ಮಾದರಿ ಒಪ್ಪಂದದಲ್ಲಿ 50,000 ಡಾಲರ್ ಮೂಲ ಮೊತ್ತ, ಅಂಗವೈಕಲ್ಯಕ್ಕೆ ಗ್ರೇಡ್ 1ರಿಂದ (ಅತಿ ಹೆಚ್ಚು) 14ರವರೆಗೆ (ಅತಿ ಕಡಿಮೆ). ಬೆನ್ನಿನ ಚಲನೆ ಅಥವಾ ಭಾರ ಎತ್ತುವ ಶಕ್ತಿ ಮೂರರಲ್ಲೊಂದು ಪಾಲು ಹೋದರೆ ಗ್ರೇಡ್ 11, ಅಂದರೆ 14.93%, 7,465 ಡಾಲರ್. ಮೂರರಲ್ಲೆರಡು ಪಾಲು ಹೋದರೆ ಗ್ರೇಡ್ 8, 16,795 ಡಾಲರ್. ಪೂರ್ಣ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ 60,000. ಇದರ ಜೊತೆ ಚಿಕಿತ್ಸೆಯ ದಿನಗಳ ಮೂಲ ವೇತನ, ಗರಿಷ್ಠ 120 ದಿನದ್ದು, ಪ್ರತ್ಯೇಕವಾಗಿ ಬರಬೇಕು. ಪರಿಹಾರದ ಹಣದಲ್ಲಿ ಅದನ್ನು ಮುರಿದುಕೊಳ್ಳುವಂತಿಲ್ಲ.

ಈಗ ವರದಿಯನ್ನು ನಿಧಾನವಾಗಿ ಓದಿ. ‘ಅಂತಿಮ’ ಎಂದಿದೆಯೋ, ‘ಮಧ್ಯಂತರ’ ಎಂದಿದೆಯೋ? ಅಂತಿಮ ವರದಿಯನ್ನು ಕಂಪನಿ ಡಾಕ್ಟರು 120 ದಿನದೊಳಗೆ ಕೊಡಬೇಕು. ಚಿಕಿತ್ಸೆ ಇನ್ನೂ ಬೇಕು ಎಂಬುದಕ್ಕೆ ಸಕಾರಣವಿದ್ದರೆ ಮಾತ್ರ ಗಡುವು 240 ದಿನಕ್ಕೆ ಹೋಗುತ್ತದೆ. ಕಾರಣವಿಲ್ಲದೆ 120 ದಾಟಿದರೆ ಅದು ಪೂರ್ಣ ಶಾಶ್ವತ ಅಂಗವೈಕಲ್ಯವೇ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಗ್ರೇಡ್ 11, ಫಿಸಿಯೋಥೆರಪಿ ಮುಂದುವರಿಸಿ’ ಎಂದು ಬರೆದಿದ್ದರೆ ಅದು ಅಂತಿಮವೇ ಅಲ್ಲ ಎಂದು ವಾದಿಸಲು ದಾರಿಯಿದೆ.

ಅಂತಿಮವೇ ಆಗಿದ್ದರೆ ದಾರಿ ಒಂದೇ: ಮೂರನೇ ಡಾಕ್ಟರು. ಬಹಳಷ್ಟು ಜನ ಸೋಲುವುದು ಇಲ್ಲೇ. ಮೊದಲು ನಿಮ್ಮದೇ ಮೂಳೆ ತಜ್ಞರನ್ನು ಕಾಣಿ. ಎಂಆರ್‌ಐ ಫಿಲಂ, ಆಪರೇಷನ್ ಆಗಿದ್ದರೆ ಅದರ ಟಿಪ್ಪಣಿ, ಫಿಸಿಯೋ ಹಾಳೆ ಎಲ್ಲ ಒಯ್ಯಿರಿ. ಒಂದು ಸಲ ನೋಡಿ ಎರಡು ಸಾಲು ಬರೆದ ಚೀಟಿ ಮೂರು ತಿಂಗಳು ಚಿಕಿತ್ಸೆ ಕೊಟ್ಟವರ ವರದಿಯ ಮುಂದೆ ನಿಲ್ಲುವುದಿಲ್ಲ. ಎಷ್ಟು ಕಿಲೋ ಎತ್ತಬಲ್ಲರು, ಎಷ್ಟು ಬಗ್ಗಬಲ್ಲರು, ಆಯಿಲರ್ (ಇಂಜಿನ್‌ಗೆ ಎಣ್ಣೆ ಹಾಕಿ ನೋಡಿಕೊಳ್ಳುವ) ಕೆಲಸಕ್ಕೆ ಏಕೆ ಆಗದು ಎಂದು ಬಿಡಿಸಿ ಬರೆಸಿ. ಆ ವರದಿ ಲಗತ್ತಿಸಿ, ‘ನಿಮ್ಮ ಡಾಕ್ಟರ ತೀರ್ಮಾನ ಒಪ್ಪುವುದಿಲ್ಲ, ಇಬ್ಬರೂ ಒಪ್ಪುವ ಮೂರನೇ ಡಾಕ್ಟರಿಗೆ ಕಳಿಸಿ’ ಎಂದು ಏಜೆನ್ಸಿಗೆ ಪತ್ರ ಕೊಡಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ತಾರೀಖು ಕಾಣುವಂತೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಪತ್ರ ಕೊಟ್ಟೂ ಕಂಪನಿ ಸುಮ್ಮನಿದ್ದರೆ ತಪ್ಪು ಅವರ ಮೇಲೆ ಬರುತ್ತದೆ. ನೀವು ಕೇಳದೆಯೇ ಕೇಸು ಹಾಕಿದರೆ ಕಂಪನಿ ಡಾಕ್ಟರ ಮಾತೇ ಉಳಿಯುತ್ತದೆ. 2013ರ ತೀರ್ಪೊಂದು ಇದನ್ನೇ ಹೇಳಿದೆ. ಎಷ್ಟು ನಿಜವಾದ ನೋವು ಈ ಒಂದು ಪತ್ರವಿಲ್ಲದೆ ಸೋತಿದೆಯೋ, ನೆನೆದರೆ ಸಂಕಟವಾಗುತ್ತದೆ.

ಹಡಗು ಇಳಿದು ದೇಶಕ್ಕೆ ಮರಳಿದ ಮೂರು ಕೆಲಸದ ದಿನದೊಳಗೆ ಅವರು ವೈದ್ಯಕೀಯ ತಪಾಸಣೆಗೆ ಹಾಜರಾಗಿದ್ದಕ್ಕೆ ದಾಖಲೆ ಇದೆಯೇ ನೋಡಿ. ಇನ್ನೂ ಚಿಕಿತ್ಸೆಗೆ ಕರೆಯುತ್ತಿದ್ದರೆ ಒಂದು ದಿನವೂ ತಪ್ಪಿಸಬೇಡಿ, ಚಿಕಿತ್ಸೆ ಬಿಟ್ಟುಹೋದರು ಎಂದು ಬರೆದುಬಿಡುತ್ತಾರೆ. ಮನಿಲಾಗೆ ಓಡಾಡಿದ ಟಿಕೆಟ್, ವಸತಿ, ಔಷಧಿ ರಸೀದಿ ಇಟ್ಟುಕೊಂಡು ಹಣ ಕೇಳಿ.

ಮನಿಲಾದಲ್ಲಿ ನಾವಿಕರು ಸೇರುವ ಕಲಾವ್ ರಸ್ತೆಯ ಕಡೆ ಯಾರಾದರೂ ತಾವಾಗಿ ಬಂದು ‘60,000 ಕೊಡಿಸುತ್ತೇವೆ’ ಎಂದರೆ ದೂರವಿರಿ. ಹಾಗೆ ಕೇಸು ಹುಡುಕಿಕೊಂಡು ಬರುವುದನ್ನೇ 2015ರ ಕಾನೂನು ನಿಷೇಧಿಸಿದೆ. ವಕೀಲರ ಶುಲ್ಕ ಸಿಕ್ಕ ಹಣದ 10% ಮೀರುವಂತಿಲ್ಲ.

ಕೇಸಿಗೆ ಮುಂಚೆ 30 ದಿನದ ರಾಜಿ ಮಾತುಕತೆ ಕಡ್ಡಾಯ. ಹಡಗಿಗೆ ಯೂನಿಯನ್ ಒಪ್ಪಂದ ಇದ್ದರೆ ಕೇಸು ಸ್ವಯಂಪ್ರೇರಿತ ಮಧ್ಯಸ್ಥಗಾರರ (ಎರಡೂ ಕಡೆಯವರು ಒಪ್ಪಿ ಆರಿಸಿದವರ) ಮುಂದೆ ಹೋಗಬೇಕು, ಇಲ್ಲದಿದ್ದರೆ ಲೇಬರ್ ಆರ್ಬಿಟರ್ (ಕಾರ್ಮಿಕ ವ್ಯಾಜ್ಯ ತೀರ್ಮಾನಿಸುವ ಸರ್ಕಾರಿ ಅಧಿಕಾರಿ) ಬಳಿ. ತಪ್ಪು ಬಾಗಿಲು ತಟ್ಟಿದರೆ ವರ್ಷಗಳೇ ಹಾಳು. ಯೂನಿಯನ್ ಒಪ್ಪಂದದ ಮೊತ್ತ ಸಾಮಾನ್ಯವಾಗಿ ಹೆಚ್ಚು, ಆದರೆ ಎಷ್ಟೋ ಒಪ್ಪಂದಗಳಲ್ಲಿ ಅದು ‘ಅಪಘಾತ’ಕ್ಕೆ ಮಾತ್ರ. ಹಾಗಾಗಿ ಕ್ಯಾಪ್ಟನ್ ಬರೆದ ಅಪಘಾತ ವರದಿಯ ಪ್ರತಿ ಬೇಕು. ಅದು ಕೈಲಿಲ್ಲದಿದ್ದರೆ ಆ ದಿನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರಿಂದ ಈಗಲೇ ಹೇಳಿಕೆ ಬರೆಸಿಕೊಳ್ಳಿ, ಮುಂದಿನ ಕಾಂಟ್ರ್ಯಾಕ್ಟ್‌ಗೆ ಅವರು ಹಡಗು ಹತ್ತಿಬಿಡುವ ಮೊದಲು.