ಮಧ್ಯಾಹ್ನ ಬಾಡುವ ಬಸಳೆಗೆ ಮತ್ತೆ ನೀರು ಬೇಡ
ಮಣಿಪಾಲದ ಏಪ್ರಿಲ್ ಬಿಸಿಲಿಗೆ ಬಸಳೆ, ಅಲಸಂಡೆ ಮಧ್ಯಾಹ್ನ ಬಾಡುತ್ತವೆ, ದಿನಕ್ಕೆ 3 ಸಲ ನೀರು ಹಾಕಿದರೂ ಸಾಲುತ್ತಿಲ್ಲ ಅಂತ ಕೇಳಿದ್ದೀರಿ ಅಲ್ವಾ? ಮೊದಲು ಬುಡದಲ್ಲಿ ಬೆರಳು ಎರಡು ಗೆಣ್ಣು ಇಳಿಸಿ ನೋಡಿ. ಒಳಗೆ ತಂಪಿದ್ದರೆ ನೀರು ಬೇಡ. ಎಲೆಯಿಂದ ಆರಿಹೋಗುವಷ್ಟು ಬೇಗ ಬೇರು ಎಳೆದುಕೊಳ್ಳಲು ಆಗುವುದಿಲ್ಲ, ಅಷ್ಟೇ. ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಗ್ಗೆಯೂ ಜೋತು ಬಿದ್ದಿದ್ದರೆ ಮಾತ್ರ ಚಿಂತೆ ಮಾಡಿ. ಸುಮ್ನೆ ಜಾಸ್ತಿ ಸುರಿದರೆ ಬೇರು ಕೊಳೆಯುತ್ತದೆ. ನಾನು ಹೀಗೇ ಎರಡು ಬದನೆ ಗಿಡ ಕಳೆದುಕೊಂಡೆ, ಈಗಲೂ ಬೇಸರ.

ಬೆಳಗ್ಗೆ 7ರ ಒಳಗೆ ಒಂದೇ ಸಲ ಚೆನ್ನಾಗಿ ನೆನೆಸಿ. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ. ಪಶ್ಚಿಮದ ಬದಿಗೆ ತೆಂಗಿನ ಮಡಲು ಒರಗಿಸಿ. ಮರುದಿನ ಮಧ್ಯಾಹ್ನ ತರಗೆಲೆ ಎತ್ತಿ ನೋಡಿ, ಮಣ್ಣು ಇನ್ನೂ ಕಪ್ಪಗೆ ಒದ್ದೆಯಾಗಿರುತ್ತದೆ.